ಹೊರವಲಯ ಮೈಸೂರು ಪಾಲಿಕೆಗೆ ಸೇರಿದರೆ ವಾರ್ಡ್ ಎಷ್ಟು, ಕಾರ್ಪೊರೇಟರ್ ಎಷ್ಟು: ಲೆಕ್ಕ ಹಾಕುವ ಕ್ರಮ

ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನು ಮೈಸೂರು ಮಹಾನಗರ ಪಾಲಿಕೆಗೆ ಸೇರಿಸುವ ಮಾತು ಎದ್ದಾಗಲೆಲ್ಲ ಬಡಾವಣೆ ಸಂಘಗಳಿಂದ ಒಂದೇ ಥರದ ಮನವಿ ಹೊರಡುತ್ತದೆ. "ನಮ್ಮ ಬಡಾವಣೆಗೆ ಪ್ರತ್ಯೇಕ ವಾರ್ಡ್ ಕೊಡಿ." ಕೆಳಗೆ ಇಪ್ಪತ್ತು ಸಹಿ, ಮೇಲೊಂದು ಸೀಲು. ಜನಸಂಖ್ಯೆ ಇಲ್ಲ, ಗಡಿ ಇಲ್ಲ, ಪಕ್ಕದ ವಾರ್ಡ್ ಏನಾಗುತ್ತದೆ ಅನ್ನುವ ಮಾತೇ ಇಲ್ಲ. ಇಂಥ ಮನವಿಗೆ "ಪರಿಗಣಿಸಲು ಅವಕಾಶವಿಲ್ಲ" ಅಂತ ಒಂದು ಸಾಲು ಬರೆಯಲು ಗುಮಾಸ್ತರಿಗೆ ಎರಡು ನಿಮಿಷ ಸಾಕು.

ಎಡವಟ್ಟು ಆಗುವುದು ಕ್ರಮದಲ್ಲಿ. ಎಲ್ಲರೂ ಮೊದಲು ನಕ್ಷೆ ಬಿಡಿಸುತ್ತಾರೆ, ಆಮೇಲೆ ಸೀಟು ಕೇಳುತ್ತಾರೆ, ಕೊನೆಗೆ ಜನಸಂಖ್ಯೆ ಹುಡುಕುತ್ತಾರೆ. ಪೂರ್ತಿ ಉಲ್ಟಾ. ಸಂಘದವರಾಗಲಿ, ಮಾಜಿ ಪಂಚಾಯಿತಿ ಸದಸ್ಯರಾಗಲಿ, ಕಚೇರಿಯಲ್ಲಿ ಕರಡು ತಯಾರಿಸುವವರಾಗಲಿ ಕೆಳಗಿನ ಕ್ರಮ ಬಿಡಬೇಡಿ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

2011ರ ಜನಗಣತಿಯ ಗ್ರಾಮವಾರು, ವಾರ್ಡ್‌ವಾರು ಪಟ್ಟಿ. ಅದರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಅಂಕಿ ಬೇರೆ ಬೇರೆಯಾಗಿ ಇರಬೇಕು. ಸಿಕ್ಕರೆ ಗಣತಿ ಬ್ಲಾಕ್ ಮಟ್ಟದ ಪಟ್ಟಿಯನ್ನೂ ತೆಗೆದುಕೊಳ್ಳಿ. ಒಂದು ಬ್ಲಾಕ್ ಅಂದರೆ ಸುಮಾರು 600ರಿಂದ 800 ಜನ. ವಾರ್ಡ್ ಕಟ್ಟುವುದು ಈ ಬ್ಲಾಕ್‌ಗಳನ್ನು ಜೋಡಿಸಿಯೇ.

ಜೊತೆಗೆ ಗ್ರಾಮ ನಕಾಶೆಗಳು, ಈಗಿನ 65 ವಾರ್ಡ್‌ಗಳ ಚೆಕ್ಕುಬಂದಿ ಇರುವ ಅಧಿಸೂಚನೆ, ಮತದಾರರ ಪಟ್ಟಿಯ ಭಾಗವಾರು ಲೆಕ್ಕ. ಸ್ಥಳದಲ್ಲಿ ನಿಂತು ಸರ್ವೆ ನಂಬರ್ ನೋಡಲು ಮೊಬೈಲ್‌ನಲ್ಲಿ ದಿಶಾಂಕ್ ಆಪ್ ಇರಲಿ. ನಕ್ಷೆ ಬಿಡಿಸಲು ಕ್ಯೂಜಿಐಎಸ್ ಅನ್ನುವ ತಂತ್ರಾಂಶ ಗೊತ್ತಿದ್ದರೆ ಒಳ್ಳೆಯದು. ಗೊತ್ತಿಲ್ಲದಿದ್ದರೆ ಗೂಗಲ್ ಅರ್ಥ್ ಮತ್ತು ಒಂದು ಎಕ್ಸೆಲ್ ಶೀಟು ಸಾಕು. ಬಣ್ಣ ತುಂಬಿದ ಚೆಂದದ ನಕ್ಷೆಗಿಂತ ಮೊತ್ತ ತಾಳೆಯಾಗುವ ಶೀಟಿಗೆ ಬೆಲೆ ಜಾಸ್ತಿ.

## ಹಂತ 1: ಸೇರುವ ಜಾಗವನ್ನು ಸರ್ವೆ ನಂಬರ್ ಮಟ್ಟದಲ್ಲಿ ಖಚಿತ ಮಾಡಿಕೊಳ್ಳಿ

"ಬೋಗಾದಿ ಸೇರುತ್ತದೆ" ಅಂದರೆ ಸಾಲದು. ಯಾವ ಬೋಗಾದಿ? ಪಟ್ಟಣ ಪಂಚಾಯಿತಿಯ ಗಡಿಯೋ, ಕಂದಾಯ ಗ್ರಾಮದ ಗಡಿಯೋ? ಎರಡೂ ಒಂದೇ ಆಗಿರಬೇಕೆಂದೇನಿಲ್ಲ. ನಗರದ ಅಂಚಿನಲ್ಲಿ ಒಂದೇ ಗ್ರಾಮದ ಕೆಲವು ಸರ್ವೆ ನಂಬರ್ ಪಾಲಿಕೆಯಲ್ಲಿ, ಉಳಿದವು ಹೊರಗೆ ಇರುವುದು ಮಾಮೂಲು.

ಮೊದಲ ದೊಡ್ಡ ತಪ್ಪು ಆಗುವುದು ಇಲ್ಲೇ. ಇಡೀ ಗ್ರಾಮದ ಜನಸಂಖ್ಯೆಯನ್ನು ಹೊರವಲಯದ ಲೆಕ್ಕಕ್ಕೆ ಹಾಕುತ್ತಾರೆ. ಅದೇ ಗ್ರಾಮದ ಒಂದು ತುಂಡು ಪಾಲಿಕೆಯ ಲೆಕ್ಕದಲ್ಲಿ ಆಗಲೇ ಕೂತಿರುತ್ತದೆ. ಒಂದೇ ಮನೆಯವರು ಎರಡು ಸಲ ಎಣಿಕೆಯಾಗುತ್ತಾರೆ. ಆದ್ದರಿಂದ ಶೀಟಿನಲ್ಲಿ ಪ್ರತಿ ಗ್ರಾಮಕ್ಕೂ ಮೂರು ಕಾಲಂ ಇಡಿ: ಒಟ್ಟು ಜನ, ಆಗಲೇ ಪಾಲಿಕೆಯಲ್ಲಿರುವ ಜನ, ಹೊಸದಾಗಿ ಸೇರುವ ಜನ.

ಎಚ್ಚರಿಕೆಯ ಗುರುತು: ಹಳೆಯ ಪಾಲಿಕೆ ಮತ್ತು ಸೇರುವ ಸ್ಥಳೀಯ ಸಂಸ್ಥೆಗಳ ವಿಸ್ತೀರ್ಣ ಕೂಡಿಸಿದಾಗ ಹೊಸ ಒಟ್ಟು ವಿಸ್ತೀರ್ಣಕ್ಕೆ ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ. ಎಲ್ಲೋ ಒಂದು ಗ್ರಾಮ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಬಂದಿದೆ.

ಮಂಡ್ಯದವರೂ ಇದೇ ಲೆಕ್ಕ ಕೇಳುತ್ತಾರೆ. ಅಲ್ಲಿ ಇದಕ್ಕಿಂತ ಹಿಂದಿನ ಪ್ರಶ್ನೆಯೊಂದಿದೆ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ ಪ್ರಕಾರ ಮಹಾನಗರ ಪಾಲಿಕೆ ಆಗಲು ಕನಿಷ್ಠ 3 ಲಕ್ಷ ಜನ ಬೇಕು. ಮಂಡ್ಯ ನಗರದ 2011ರ ಜನಸಂಖ್ಯೆ ಸುಮಾರು 1.37 ಲಕ್ಷ. ಸುತ್ತಲಿನ ಹಳ್ಳಿಗಳನ್ನು ಎಷ್ಟೆಂದು ಸೇರಿಸುವುದು? ಗದ್ದೆ ಬಯಲು ಸೇರಿದಷ್ಟೂ ಅದೇ ಕಾಯ್ದೆಯ ಜನಸಾಂದ್ರತೆಯ ಷರತ್ತು ಕೈ ಬಿಡುತ್ತದೆ. ಅಲ್ಲಿ ಆ ಪ್ರಶ್ನೆ ಬಗೆಹರಿದ ಮೇಲೆಯೇ ವಾರ್ಡ್ ಮಾತು.

## ಹಂತ 2: ಜನಸಂಖ್ಯೆಗೆ ಒಂದೇ ಆಧಾರ ಇಟ್ಟುಕೊಳ್ಳಿ

ಸಂವಿಧಾನದ 243ಪಿ ವಿಧಿ ಪ್ರಕಾರ ಜನಸಂಖ್ಯೆ ಅಂದರೆ ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯದ್ದು. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದರ ಅಂಕಿ ಪ್ರಕಟವಾಗುವ ತನಕ 2011ರದ್ದೇ ಗತಿ.

ಹೊರವಲಯದವರಿಗೆ ಇದು ಸಂಕಟದ ವಿಷಯ. 2011ರಲ್ಲಿ ಹೊಲವಾಗಿದ್ದ ಕಡೆ ಈಗ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಇದೆ. ಆದರೂ ಪಾಲಿಕೆಗೆ 2011ರ ಅಂಕಿ, ನಮ್ಮ ಬಡಾವಣೆಗೆ ಮಾತ್ರ ಈಗಿನ ಮನೆ ಲೆಕ್ಕ ಅಂತ ಬೆರೆಸಿದರೆ ಇಡೀ ಕಡತ ಬಿದ್ದುಹೋಗುತ್ತದೆ. ಬೆಳವಣಿಗೆಯನ್ನು ತೋರಿಸುವ ಜಾಗ ಬೇರೆ ಇದೆ, ಹಂತ 4ರಲ್ಲಿ ಬರುತ್ತದೆ. ಅಲ್ಲಿಯವರೆಗೆ ಮತದಾರರ ಪಟ್ಟಿಯ ಅಂಕಿಯನ್ನು ಪಕ್ಕದ ಕಾಲಂನಲ್ಲಿ ಬರೆದಿಟ್ಟುಕೊಳ್ಳಿ, ಮೊತ್ತಕ್ಕೆ ಸೇರಿಸಬೇಡಿ.

ಇನ್ನೊಂದು ಮಾತು. ಜನಗಣತಿ ಹತ್ತಿರ ಬಂದಾಗ ಆಡಳಿತ ಗಡಿಗಳನ್ನು ಕೆಲವು ಕಾಲ ಬದಲಿಸದಂತೆ ತಡೆಹಿಡಿಯುತ್ತಾರೆ. ನಿಮ್ಮ ಅಧಿಸೂಚನೆಯ ದಿನಾಂಕ ಆ ಅವಧಿಯೊಳಗೆ ಬೀಳುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.

## ಹಂತ 3: ಒಟ್ಟು ಸೀಟು ನಿಗದಿ ಮಾಡಿ, ಆದರೆ ಸುಮ್ನೆ ಒಂದು ಸಂಖ್ಯೆ ಹೇಳಬೇಡಿ

1976ರ ಕಾಯ್ದೆ ಪಾಲಿಕೆಗೆ ಕನಿಷ್ಠ 30, ಗರಿಷ್ಠ 100 ಚುನಾಯಿತ ಸದಸ್ಯರನ್ನು ಕೊಡುತ್ತದೆ. ಎಷ್ಟು ಅನ್ನುವುದನ್ನು ಸರ್ಕಾರ ಅಧಿಸೂಚನೆಯಲ್ಲಿ ನಿಗದಿ ಮಾಡುತ್ತದೆ. ಪ್ರತಿ ವಾರ್ಡ್‌ಗೆ ಒಂದೇ ಸೀಟು. ನಾಮನಿರ್ದೇಶಿತರಿಗೆ ಮತದ ಹಕ್ಕಿಲ್ಲ. ಶಾಸಕರು, ಸಂಸದರು ಸದಸ್ಯರಾಗಿರುತ್ತಾರೆ, ಆದರೆ ಈ ಲೆಕ್ಕಕ್ಕೆ ಅವರು ಬರುವುದಿಲ್ಲ.

ಸಂಖ್ಯೆ ಆರಿಸುವಾಗ "ಒಬ್ಬ ಕಾರ್ಪೊರೇಟರ್‌ಗೆ ಎಷ್ಟು ಜನ" ಅನ್ನುವುದರಿಂದ ಶುರು ಮಾಡಿ. ಮೈಸೂರು ಪಾಲಿಕೆಯ 2011ರ ಜನಸಂಖ್ಯೆ ಸುಮಾರು 8.9 ಲಕ್ಷ. 65 ವಾರ್ಡ್‌ಗೆ ಹಂಚಿದರೆ ತಲಾ ಸುಮಾರು 13,700. ಹುಬ್ಬಳ್ಳಿ-ಧಾರವಾಡದಲ್ಲಿ 2011ರ ಜನಸಂಖ್ಯೆ ಸುಮಾರು 9.43 ಲಕ್ಷ, ವಾರ್ಡ್ 82. ತಲಾ ಸುಮಾರು 11,500. ಹೆಚ್ಚು ಸೀಟು ಕೇಳುವವರಿಗೆ ಈ ಹೋಲಿಕೆಗಿಂತ ಗಟ್ಟಿ ಆಧಾರ ಬೇಕಿಲ್ಲ.

ಲೆಕ್ಕ ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೊರವಲಯದಿಂದ 1,60,000 ಜನ ಸೇರಿ ಒಟ್ಟು 10,50,000 ಆಗುತ್ತದೆ ಅಂದುಕೊಳ್ಳಿ. ನಿಜವಾದ ಅಂಕಿಯನ್ನು ನಿಮ್ಮ ಹಂತ 1ರ ಶೀಟಿನಿಂದ ಹಾಕಿ.

- 65 ವಾರ್ಡ್ ಹಾಗೇ ಉಳಿದರೆ: ತಲಾ 16,154 ಜನ. ಹೊರವಲಯಕ್ಕೆ ಸುಮಾರು 10 ಸೀಟು.
- 77 ಆದರೆ: ತಲಾ 13,636. ಹೊರವಲಯಕ್ಕೆ ಸುಮಾರು 12.
- 91 ಆದರೆ: ತಲಾ 11,538. ಹೊರವಲಯಕ್ಕೆ ಸುಮಾರು 14.
- 100 ಆದರೆ: ತಲಾ 10,500. ಹೊರವಲಯಕ್ಕೆ ಸುಮಾರು 15.

ಸೀಟು 10ರಿಂದ 15ಕ್ಕೆ ಏರಿತು ಅಂತ ಖುಷಿ ಪಡುವ ಮುಂಚೆ ಪಾಲು ನೋಡಿ. ನಾಲ್ಕರಲ್ಲೂ ಅದು ಶೇ 15ರ ಆಸುಪಾಸಿನಲ್ಲೇ ಇದೆ. ಒಟ್ಟು ಸೀಟು ಹೆಚ್ಚಿಸಿದರೆ ಪಾಲಿಕೆ ಸಭೆಯಲ್ಲಿ ಹೊರವಲಯದ ಬಲ ಹೆಚ್ಚುವುದಿಲ್ಲ. ಹೆಚ್ಚುವುದು ಕಾರ್ಪೊರೇಟರ್ ಕೈಗೆ ಸಿಗುವ ಸಾಧ್ಯತೆ ಮಾತ್ರ. ಮನವಿ ಬರೆಯುವವರಲ್ಲಿ ಬಹಳ ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಕೈಗೆ ಸಿಗುವ ವಿಷಯವನ್ನೂ ಹಗುರ ಮಾಡಬೇಡಿ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ಈ ಊರುಗಳು ಪಟ್ಟಣ ಪಂಚಾಯಿತಿ, ನಗರಸಭೆ ಆಗುವ ಮುಂಚೆ ಬೀದಿ ದೀಪ ಕೆಟ್ಟರೆ ಮೆಂಬರ್ ಮನೆ ಬಾಗಿಲಿಗೆ ಹೋಗಿ ಕೂಗಿದರೆ ಆಗುತ್ತಿತ್ತು. ಪಾಲಿಕೆಗೆ ಸೇರಿದರೆ ಅದೇ ಜನರಿಗೆ 13,000 ಜನರ ನಡುವೆ ಒಬ್ಬ ಕಾರ್ಪೊರೇಟರ್. ನಡುವೆ ಮೂವತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. ನನ್ನನ್ನು ಕೇಳಿದರೆ 65ರಲ್ಲೇ ನಿಲ್ಲುವ ಯಾವ ಯೋಜನೆಯೂ ಹೊರವಲಯಕ್ಕೂ ಒಳ್ಳೆಯದಲ್ಲ, ಹಳೆಯ ನಗರಕ್ಕೂ ಒಳ್ಳೆಯದಲ್ಲ. ಇಬ್ಬರ ವಾರ್ಡೂ ಊದಿಕೊಳ್ಳುತ್ತದೆ.

## ಹಂತ 4: ಶೇ 10ರ ಸಡಿಲವನ್ನು ಸರಿಯಾಗಿ ಬಳಸಿ

ಎಲ್ಲ ವಾರ್ಡ್‌ಗಳ ಜನಸಂಖ್ಯೆ ಸಾಧ್ಯವಾದಷ್ಟು ಸಮ ಇರಬೇಕು. ಸರಾಸರಿಗಿಂತ ಶೇ 10ರಷ್ಟು ಹೆಚ್ಚು ಕಮ್ಮಿಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ನಿಮ್ಮ ಸಲದ ಮಾರ್ಗಸೂಚಿಯಲ್ಲಿ ಇರುವ ಮಿತಿಯನ್ನೇ ಬಳಸಿ.

77 ವಾರ್ಡ್‌ನ ಉದಾಹರಣೆಯಲ್ಲಿ ಸರಾಸರಿ 13,636. ಮಿತಿ 12,273ರಿಂದ 15,000 ತನಕ. ಹೊರವಲಯದ 1,60,000 ಜನರನ್ನು 13 ವಾರ್ಡ್ ಮಾಡಿ, ತಲಾ 12,308 ಆಗುತ್ತದೆ. ಮಿತಿಯೊಳಗೇ ಇದೆ. ಉಳಿದ 64 ವಾರ್ಡ್‌ಗೆ 8,90,000 ಜನ, ತಲಾ 13,906. ಅದು ಸರಾಸರಿಗಿಂತ ಶೇ 2 ಮಾತ್ರ ಹೆಚ್ಚು. ಯಾರಿಗೂ ಅನ್ಯಾಯ ಆಗಲಿಲ್ಲ, ಹೊರವಲಯಕ್ಕೆ 12ರ ಬದಲು 13 ಸಿಕ್ಕಿತು.

ಮತದಾರರ ಪಟ್ಟಿಯ ಕಾಲಂ ಉಪಯೋಗಕ್ಕೆ ಬರುವುದು ಈಗ. 2011ರಿಂದ ಈಚೆಗೆ ವೇಗವಾಗಿ ಬೆಳೆದ ಕಡೆ ಚಿಕ್ಕ ವಾರ್ಡ್, ಅಗ್ರಹಾರ, ದೇವರಾಜ ಮೊಹಲ್ಲಾದಂಥ ಹಳೆಯ ಕಡೆ ಸ್ವಲ್ಪ ದೊಡ್ಡ ವಾರ್ಡ್. ಮುಂದಿನ ಐದು ವರ್ಷದಲ್ಲಿ ಲೆಕ್ಕ ತಾನಾಗಿ ಸಮಕ್ಕೆ ಹತ್ತಿರ ಬರುತ್ತದೆ ಅನ್ನುವುದು ನಿಮ್ಮ ವಾದ. ಅದಕ್ಕೆ ಸಾಕ್ಷಿ ಭಾಗವಾರು ಮತದಾರರ ಸಂಖ್ಯೆ.

ಇದನ್ನೇ ಉಲ್ಟಾ ಮಾಡಿದ ಕರಡು ಕಂಡರೆ, ಅಂದರೆ ಬೆಳೆಯುತ್ತಿರುವ ಕಡೆಯೇ ಶೇ 10 ಜಾಸ್ತಿ ತುಂಬಿದ್ದರೆ, ಅಲ್ಲಿ ಕೈ ಇಟ್ಟು ಕಾರಣ ಕೇಳಿ.

## ಹಂತ 5: ಗಡಿ ಎಳೆಯುವುದು

ನಕ್ಷೆ ಬಿಡಿಸುವುದು ಈಗ. ಹೊರ ಅಂಚಿನಿಂದ ಒಳಕ್ಕೆ ಬನ್ನಿ. ಮಧ್ಯದಿಂದ ಶುರು ಮಾಡಿದರೆ ಅಂಚಿನಲ್ಲಿ ಉಳಿದ ಚೂರುಪಾರೆಲ್ಲ ಸೇರಿ ಒಂದು ವಿಚಿತ್ರ ಆಕಾರದ ವಾರ್ಡ್ ಆಗುತ್ತದೆ. ಅದರ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಬೇರೆ ಎರಡು ವಾರ್ಡ್ ದಾಟಬೇಕಾಗುತ್ತದೆ.

ಮೊದಲು ದಾಟಬಾರದ ಗೆರೆಗಳನ್ನು ಗುರುತಿಸಿ: ಹೊರ ವರ್ತುಲ ರಸ್ತೆ, ರೈಲು ಹಳಿ, ಹುಣಸೂರು ರಸ್ತೆಯಂಥ ಹೆದ್ದಾರಿ, ಲಿಂಗಾಂಬುಧಿಯಂಥ ಕೆರೆ, ರಾಜಕಾಲುವೆ. ರಿಂಗ್ ರಸ್ತೆಯ ಎರಡೂ ಬದಿ ಒಂದೇ ವಾರ್ಡ್ ಆದರೆ ಮತಗಟ್ಟೆಗೆ ವಯಸ್ಸಾದವರು ಆ ರಸ್ತೆ ದಾಟಿಯೇ ಹೋಗಬೇಕು.

ವಿಧಾನಸಭಾ ಕ್ಷೇತ್ರದ ಗಡಿಯನ್ನೂ ಮರೆಯಬೇಡಿ. ಕೃಷ್ಣರಾಜ, ಚಾಮರಾಜ, ನರಸಿಂಹರಾಜ ನಗರದೊಳಗೆ. ಹೊರವಲಯದ ಬಹುಪಾಲು ಚಾಮುಂಡೇಶ್ವರಿ ಕ್ಷೇತ್ರ. ಮತದಾರರ ಪಟ್ಟಿಯ ಭಾಗಗಳು ಇರುವುದು ವಿಧಾನಸಭಾ ಕ್ಷೇತ್ರದ ಪ್ರಕಾರ. ವಾರ್ಡ್ ಎರಡು ಕ್ಷೇತ್ರದ ಮೇಲೆ ಕೂತರೆ ಪಟ್ಟಿ ವಿಂಗಡಿಸುವಾಗ ಹೆಸರು ಕಾಣೆಯಾಗುವುದು ಗ್ಯಾರಂಟಿ.

ಆಮೇಲೆ ಒಡೆಯಬಾರದ ಗುಂಪುಗಳು. ಹೂಟಗಳ್ಳಿ ನಗರಸಭೆಗೆ ಸೇರಿರುವ ಹಿನಕಲ್ ತೆಗೆದುಕೊಳ್ಳಿ. ಒಳಗೆ ಹಳೆಯ ಊರು: ಕಿರಿದಾದ ಬೀದಿ, ದೇವಸ್ಥಾನ, ಒತ್ತೊತ್ತಾದ ಮನೆ. ಸುತ್ತ ಬಡಾವಣೆ: ನೇರ ರಸ್ತೆ, ಸೈಟು, ಪಾರ್ಕು. ಎರಡರ ತಕರಾರೂ ಬೇರೆ. ಹಳೆಯ ಊರಿನವರಿಗೆ ಖಾತೆ, ಒಳಚರಂಡಿ. ಬಡಾವಣೆಯವರಿಗೆ ಅಭಿವೃದ್ಧಿ ಪ್ರಾಧಿಕಾರದಿಂದ ಸ್ಥಳೀಯ ಸಂಸ್ಥೆಗೆ ಬಡಾವಣೆಯ ಹಸ್ತಾಂತರ, ನೀರು, ಕಸದ ಗಾಡಿ. ನಕ್ಷೆ ಮೇಲೆ ಚೌಕಾಕಾರ ಚೆಂದ ಕಾಣುತ್ತದೆ ಅಂತ ಊರಿನ ನಡುವೆ ಗೆರೆ ಎಳೆದರೆ ಹಳೆಯ ಊರು ಎರಡು ವಾರ್ಡ್‌ನಲ್ಲೂ ಅಲ್ಪಸಂಖ್ಯಾತ ಆಗುತ್ತದೆ. ಎರಡೂ ಕಡೆ ಗೆಲ್ಲುವುದು ಬಡಾವಣೆಯ ಅಭ್ಯರ್ಥಿ.

ಇದಕ್ಕಿಂತ ಗಂಭೀರವಾದದ್ದು ದಲಿತ ಕೇರಿಯನ್ನು ಒಡೆಯುವುದು. ಪ್ರತಿ ಊರಿನ ಕಾಲೋನಿ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ನಡೆದುಕೊಂಡು ಹೋಗಿ ನೋಡಿ. ಉಪಗ್ರಹ ಚಿತ್ರದಲ್ಲಿ ಇದು ಕಾಣುವುದಿಲ್ಲ. 1,200 ಜನರ ಕಾಲೋನಿಯ ಮಧ್ಯದ ರಸ್ತೆಯನ್ನೇ ಗಡಿ ಮಾಡಿದರೆ 600, 600 ಆಗಿ ಎರಡೂ ವಾರ್ಡ್‌ನಲ್ಲಿ ಅವರ ಶೇಕಡಾವಾರು ಇಳಿಯುತ್ತದೆ. ಆಗ ಮೀಸಲು ವಾರ್ಡ್ ಪಟ್ಟಿಯಿಂದ ಆ ಊರೇ ಜಾರುತ್ತದೆ. ರಸ್ತೆಯನ್ನು ಗಡಿ ಮಾಡುವುದು ಸುಲಭ, ಹೌದು. ಇಲ್ಲಿ ಮಾತ್ರ ಮನೆಗಳ ಹಿಂಬದಿಯ ಸಾಲನ್ನೇ ಗಡಿ ಮಾಡಿ.

ಚೆಕ್ಕುಬಂದಿ ಬರೆಯುವಾಗ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ನಾಲ್ಕೂ ದಿಕ್ಕಿಗೆ ರಸ್ತೆ ಹೆಸರು ಅಥವಾ ಸರ್ವೆ ನಂಬರ್ ಕೊಡಿ. "ಮಾರಮ್ಮನ ಗುಡಿಯವರೆಗೆ" ಅಂತ ಬರೆಯಬೇಡಿ, ಊರಿಗೆ ಮೂರು ಮಾರಮ್ಮನ ಗುಡಿ ಇರುತ್ತದೆ. ಒಂದು ವಾರ್ಡ್‌ನ ಪೂರ್ವದ ಗಡಿ ಪಕ್ಕದ ವಾರ್ಡ್‌ನ ಪಶ್ಚಿಮದ ಗಡಿಗೆ ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಆ ನಡುವಿನ ಬೀದಿಯವರು ಚುನಾವಣೆ ದಿನ ಯಾವ ವಾರ್ಡ್‌ನವರೂ ಅಲ್ಲ.

## ಹಂತ 6: ಮೀಸಲಾತಿ ಸಂಖ್ಯೆ

ಗಡಿ ಮುಗಿಯದೆ ಇದಕ್ಕೆ ಕೈ ಹಾಕಬೇಡಿ. ಪರಿಶಿಷ್ಟ ಜಾತಿ, ಪಂಗಡಕ್ಕೆ ಹೊಸ ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲಿನಷ್ಟು ಸೀಟು. ಹಳೆಯ ಪಾಲಿಕೆಯ ಶೇಕಡಾವಾರನ್ನೇ ಹಾಕುವುದು ಮಾಮೂಲಿ ತಪ್ಪು. ಹಳ್ಳಿಗಳು ಸೇರಿದಾಗ ಪಾಲು ಬದಲಾಗುತ್ತದೆ.

77 ಸೀಟಿನ ಉದಾಹರಣೆ ಮುಂದುವರಿಸಿದರೆ: ಪರಿಶಿಷ್ಟ ಜಾತಿ ಶೇ 14.5 ಇದ್ದರೆ 11 ಸೀಟು, ಪಂಗಡ ಶೇ 4 ಇದ್ದರೆ 3. ಹಿಂದುಳಿದ ವರ್ಗಕ್ಕೆ ಮೂರನೇ ಒಂದು ಅಂದರೆ 25 ಅಥವಾ 26. ಕೂಡಿಸಿದರೆ 39, 40 ಆಗುತ್ತದೆ. ಒಟ್ಟು ಮೀಸಲಾತಿ ಅರ್ಧ ಮೀರುವಂತಿಲ್ಲ, ಅಂದರೆ 38. ಹೀಗಾಗಿ ಹಿಂದುಳಿದ ವರ್ಗಕ್ಕೆ ಉಳಿಯುವುದು 24. ಅದರಲ್ಲಿ ಶೇ 80 'ಎ' ಪ್ರವರ್ಗ, ಶೇ 20 'ಬಿ': 19 ಮತ್ತು 5. ಮಹಿಳೆಯರಿಗೆ ಪ್ರತಿ ವರ್ಗದ ಒಳಗೂ ಶೇ 50ರ ತನಕ. 11, 3, 19, 5 ಎಲ್ಲ ಬೆಸ ಸಂಖ್ಯೆ, ಅರ್ಧ ಸೀಟು ಮೇಲಕ್ಕೋ ಕೆಳಕ್ಕೋ ಅಂತ ಜಗಳ ಬರುವುದು ಇಲ್ಲೇ. ಪೂರ್ಣಾಂಕ ಮಾಡಿದ ನಿಯಮವನ್ನು ಶೀಟಿನಲ್ಲೇ ಬರೆದಿಡಿ.

ಆವರ್ತನೆಗೆ, ಅಂದರೆ ಮೀಸಲಾತಿ ಪ್ರತಿ ಸಲ ಬೇರೆ ವಾರ್ಡ್‌ಗೆ ತಿರುಗುವುದಕ್ಕೆ, ಒಂದು ಹೊಂದಾಣಿಕೆ ಪಟ್ಟಿ ಬೇಕು: ಪ್ರತಿ ಹೊಸ ವಾರ್ಡ್‌ನಲ್ಲಿ ಯಾವ ಹಳೆಯ ವಾರ್ಡ್‌ನ ಎಷ್ಟು ಜನ ಇದ್ದಾರೆ ಅಂತ. ಇದಿಲ್ಲದೆ "ಹೋದ ಸಲವೂ ಇದೇ ಮೀಸಲಾತಿ ಇತ್ತು" ಅನ್ನುವ ದೂರಿಗೆ ಉತ್ತರ ಕೊಡಲು ಆಗುವುದಿಲ್ಲ.

## ಹಂತ 7: ಆಕ್ಷೇಪಣೆಯನ್ನು ಬದಲಿ ಲೆಕ್ಕದ ಜೊತೆ ಕೊಡಿ

ಕರಡು ಸಾಮಾನ್ಯವಾಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ತಯಾರಾಗುತ್ತದೆ. ನಗರಾಭಿವೃದ್ಧಿ ಇಲಾಖೆ ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಗಡುವು ಕೊಡುತ್ತದೆ. ಗಡುವು ಚಿಕ್ಕದಿರುತ್ತದೆ, ಆದ್ದರಿಂದ ಶೀಟು ಮೊದಲೇ ಸಿದ್ಧ ಇರಬೇಕು.

ಕೆಲಸಕ್ಕೆ ಬರುವ ಆಕ್ಷೇಪಣೆ ಹೀಗಿರುತ್ತದೆ: "ಕರಡಿನ ಇಂಥ ವಾರ್ಡ್‌ನಿಂದ ಇಂಥ ಎರಡು ಗಣತಿ ಬ್ಲಾಕ್, 1,340 ಜನ, ಪಕ್ಕದ ವಾರ್ಡ್‌ಗೆ ಸೇರಿಸಬೇಕು. ಆಗ ಮೊದಲನೆಯದು 13,120, ಎರಡನೆಯದು 13,890 ಆಗುತ್ತದೆ. ಎರಡೂ ಮಿತಿಯೊಳಗಿವೆ. ಕಾರಣ: ಈಗಿನ ಗಡಿ ಒಂದೇ ಕಾಲೋನಿಯನ್ನು ಒಡೆಯುತ್ತದೆ. ಹೊಸ ಚೆಕ್ಕುಬಂದಿ ಲಗತ್ತಿಸಿದೆ." ಸಹಿ ಇಪ್ಪತ್ತಿರಲಿ, ಇನ್ನೂರಿರಲಿ, ಕೆಲಸ ಮಾಡುವುದು ಇದು. ಒಂದು ಅರ್ಜಿಯಲ್ಲಿ ಒಂದೇ ಬದಲಾವಣೆ ಕೇಳಿ. ಕೊಟ್ಟ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಕೋರ್ಟಿಗೆ ಹೋದರಾಯ್ತು ಅಂತ ಕಾಯಬೇಡಿ. 243ಝಡ್‌ಜಿ ವಿಧಿ ಕ್ಷೇತ್ರ ವಿಂಗಡಣೆ, ಸೀಟು ಹಂಚಿಕೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಕ್ಕೆ ತಡೆ ಹಾಕಿದೆ. ಚುನಾವಣೆ ಘೋಷಣೆಯಾದ ಮೇಲಂತೂ ಬಾಗಿಲು ಬಹುತೇಕ ಮುಚ್ಚಿದ ಹಾಗೆ.

## ಹಂತ 8: ಚುನಾವಣೆ ತನಕದ ಖಾಲಿ ಅವಧಿಗೆ ವ್ಯವಸ್ಥೆ ಕೇಳಿ

ಬೆಂಗಳೂರಿನಲ್ಲಿ ಹಿಂದಿನ ಪಾಲಿಕೆಯ ಅವಧಿ ಮುಗಿದದ್ದು 2006ರ ನವೆಂಬರ್‌ನಲ್ಲಿ. 2007ರಲ್ಲಿ 7 ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿ ಸೇರಿ ಬಿಬಿಎಂಪಿ ಆಯಿತು. ವಾರ್ಡ್ ಸಂಖ್ಯೆ 100ರಿಂದ ಕೊನೆಗೆ 198ಕ್ಕೆ ಬಂತು. ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅಷ್ಟೂ ಕಾಲ ಆಡಳಿತಾಧಿಕಾರಿ. ಮೈಸೂರು ಪಾಲಿಕೆಯ ಚುನಾಯಿತ ಅವಧಿಯೂ 2023ರ ನವೆಂಬರ್‌ನಲ್ಲೇ ಮುಗಿದಿದೆ. ವಿಂಗಡಣೆಯ ನೆಪದಲ್ಲಿ ಚುನಾವಣೆ ಮುಂದೂಡಬಾರದು ಅಂತ ಸುಪ್ರೀಂ ಕೋರ್ಟ್ 2022ರ ಸುರೇಶ್ ಮಹಾಜನ್ ಪ್ರಕರಣದಲ್ಲಿ ಹೇಳಿದೆ. ಮನವಿಯಲ್ಲಿ ಇದನ್ನು ನಮೂದಿಸಿ.

ಜೊತೆಗೆ ಮೂರು ಬೇಡಿಕೆ ಇಡಿ. ವಾರ್ಡ್ ನಿಗದಿ, ಮೀಸಲಾತಿ, ಮತದಾರರ ಪಟ್ಟಿ ಮೂರಕ್ಕೂ ದಿನಾಂಕ ಹಾಕಿದ ವೇಳಾಪಟ್ಟಿ. ಈಗಿನ ಪಟ್ಟಣ ಪಂಚಾಯಿತಿ, ನಗರಸಭೆ ಕಚೇರಿಗಳನ್ನು ಅದೇ ಕಟ್ಟಡದಲ್ಲಿ ಪಾಲಿಕೆಯ ವಲಯ ಕಚೇರಿಯಾಗಿ ಮುಂದುವರಿಸುವ ಆದೇಶ. ಇಲ್ಲದಿದ್ದರೆ ಕಡಕೊಳದವರು ಒಂದು ಖಾತೆ ನಕಲಿಗೆ ಸಯ್ಯಾಜಿರಾವ್ ರಸ್ತೆ ತನಕ ಬರಬೇಕು. ಮತ್ತೆ, ಚುನಾವಣೆ ಮುಗಿದ ಕೂಡಲೇ ವಾರ್ಡ್ ಸಮಿತಿ. ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದ್ದೇ ಇದೆ, ನಿವಾಸಿಗಳ ಸಂಘಗಳಿಗೂ ಅದರಲ್ಲಿ ಜಾಗ ಇದೆ. ಹಳೆಯ ಪಂಚಾಯಿತಿ ಮೆಂಬರ್‌ಗಳಲ್ಲಿ ಊರಿನ ನೀರಿನ ಲೈನು ಎಲ್ಲಿ ಹೋಗಿದೆ ಅಂತ ಗೊತ್ತಿರುವವರು ಸಂಘದಲ್ಲಿದ್ದರೆ, ಆ ಸಮಿತಿಗೆ ಅವರ ಹೆಸರನ್ನೇ ಮೊದಲು ಕಳಿಸಿ.